ಕಡ್ಡಿಯನ್ನು ಗುಡ್ಡ ಮಾಡಿದ ರಿಜಿಸ್ಟರು

ನನ್ನ ಗಂಡ ಸುಳ್ಳು ಹೇಳುವವರಲ್ಲ. ಬರೆಯುವವರು.

ಬಾಯಿ ಮಾತಿನಲ್ಲಿ ಅವರಷ್ಟು ನೇರ ಮನುಷ್ಯ ಸಿಗುವುದಿಲ್ಲ. ಇದ್ದದ್ದು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರಂತೆ ಎನ್ನುವ ಗಾದೆ ಅವರನ್ನು ನೋಡಿಯೇ ಹುಟ್ಟಿರಬೇಕು. ನನ್ನ ಅಡುಗೆ ಹೇಗಿದೆ ಎಂದು ಕೇಳಿದರೂ ಅಷ್ಟೇ, ನನ್ನ ತವರಿನವರು ಹೇಗೆ ಎಂದು ಕೇಳಿದರೂ ಅಷ್ಟೇ, ಮುಲಾಜಿಲ್ಲ. ಆದರೆ ಟಾಕೀಸಿನ ಕಂಪ್ಲೇಂಟ್ ರಿಜಿಸ್ಟರು ತೆರೆದು ಕೈಗೆ ಪೆನ್ನು ಕೊಟ್ಟರೆ ಮುಗಿಯಿತು, ಅವರ ಒಳಗಿಂದ ಬೇರೊಬ್ಬ ಮನುಷ್ಯ ಎದ್ದು ಕೂರುತ್ತಿದ್ದ.

ಮೂವತ್ತೆಂಟು ವರ್ಷ ಅವರು ಮೆಟ್ಟಿಲು ಟಾಕೀಸಿನ ಆಪರೇಟರು. ಊರೆಲ್ಲ ಕರೆಯುತ್ತಿದ್ದದ್ದೂ ಆಪರೇಟರ್ ಎಂದೇ. ಮದುವೆಯಾದ ಹೊಸತರಲ್ಲಿ ಹಾಲಿನವನು "ಆಪರೇಟ್ರಮ್ಮಾ" ಎಂದು ಕೂಗಿದಾಗ, ಯಾರನ್ನಪ್ಪ ಇವನು ಕರೆಯುತ್ತಿರುವುದು ಎಂದು ನಾನು ಹಿಂದೆ ತಿರುಗಿ ನೋಡಿದ್ದೆ. ಆಮೇಲೆ ನಾನೂ ಅದೇ ಟಾಕೀಸಿನ ಹೆಂಗಸರ ಕೌಂಟರಿನಲ್ಲಿ ಟಿಕೆಟ್ ಹರಿಯಲು ಕುಳಿತೆ. ಒಂದು ಕೈ ಮಾತ್ರ ತೂರುವಷ್ಟು ಕಿಂಡಿ. ಇಪ್ಪತ್ತು ವರ್ಷ ಈ ಊರಿನ ಹೆಂಗಸರನ್ನು ನಾನು ಗುರುತಿಸಿದ್ದು ಮುಖದಿಂದ ಅಲ್ಲ, ಉಂಗುರದಿಂದ, ಉಗುರಿನಿಂದ.

ರಿಜಿಸ್ಟರಿನ ವಿಷಯ ಟಾಕೀಸಿನವರಿಗಲ್ಲದೆ ಬೇರೆಯವರಿಗೆ ಅರ್ಥವಾಗುವುದು ಕಷ್ಟ, ಅದಕ್ಕೇ ಬಿಡಿಸಿ ಹೇಳುತ್ತೇನೆ. ಮೆಷಿನ್ ಇಡುವ ಕೋಣೆಗೆ ಬೂತು ಎನ್ನುತ್ತಾರೆ. ಪ್ರತಿ ಬೂತಿನಲ್ಲೂ ಒಂದು ಕೆಂಪು ರಟ್ಟಿನ ಪುಸ್ತಕ ಇರುತ್ತಿತ್ತು. ಏನು ಕೆಟ್ಟಿದೆ, ಏನು ಬೇಕು ಎಂದು ಆಪರೇಟರು ಅದರಲ್ಲಿ ಬರೆಯಬೇಕು, ಸೋಮವಾರ ಸೋಮವಾರ ಮಾಲೀಕರು ಓದಬೇಕು. ಇದ್ದಷ್ಟೇ ಬರೆದರೆ ಮಾಲೀಕರ ಕಣ್ಣು ಆ ಸಾಲಿನ ಮೇಲೆ ನಿಲ್ಲುತ್ತಲೇ ಇರಲಿಲ್ಲ. ಅತ್ತ ಮಗುವಿಗೆ ತಾನೇ ಹಾಲು? ಹಾಗಾಗಿ ಊರಿನ ಅಷ್ಟೂ ಆಪರೇಟರುಗಳು ರಿಜಿಸ್ಟರಿನಲ್ಲಿ ಎದೆ ಬಡಿದುಕೊಂಡು ಅಳುತ್ತಿದ್ದರು.

ಆ ಕಾಲಕ್ಕೆ ಮೆಷಿನ್ನಿಗೆ ಬೆಳಕು ಬರುತ್ತಿದ್ದದ್ದು ಕಾರ್ಬನ್ ಕಡ್ಡಿ ಉರಿದು. ಒಂದು ಕಟ್ಟು ಕಡ್ಡಿ ಬೇಕಾದರೆ ನಮ್ಮವರು ಗುಡ್ಡವನ್ನೇ ಬರೆಯುತ್ತಿದ್ದರು: "ಬೆಳಕು ಸಾಯುತ್ತಿದೆ. ನಾಯಕಿಯ ಮುಖ ಕಾಣದೆ ಜನ ಕುರ್ಚಿ ಮುರಿಯುವ ಹಂತಕ್ಕೆ ಬಂದಿದ್ದಾರೆ." ಛಾವಣಿಯ ಒಂದು ಮೂಲೆಯಲ್ಲಿ ಹನಿ ತೊಟ್ಟಿಕ್ಕಿದರೆ "ಛಾವಣಿ ಪೂರ್ತಿ ಕೊಳೆತಿದೆ, ಸಮುದ್ರವೇ ಒಳಗೆ ಇಳಿಯುತ್ತಿದೆ". ಅವರು ಕೂರುವ ಸ್ಟೂಲಿನ ಕಾಲು ಅಲ್ಲಾಡಿದರೆ "ಬೂತಿನ ನೆಲ ನಡುಗುತ್ತಿದೆ". ಸೆಕೆ ತಡೆಯಲಾರದೆ ಒಂದು ಫ್ಯಾನು ಕೇಳಿದ್ದಂತೂ ನನಗೆ ಬಾಯಿಪಾಠ: "ಬೆಂಕಿ ಬಿದ್ದು ನಾನೂರು ಜನ ಸಾಯುವ ಮುಂಚೆ ದಯವಿಟ್ಟು ಗಾಳಿಯ ವ್ಯವಸ್ಥೆ ಮಾಡಿಸಿ." ಫ್ಯಾನು ಬಂತು. ಮೇಜಿನ ಫ್ಯಾನು, ಅದೂ ಹಳೆಯದು.

ಆಗಿನ ಮಾಲೀಕರು, ದೊಡ್ಡ ಸಾಹುಕಾರರು, ಇದನ್ನೆಲ್ಲ ಬಲ್ಲವರು. "ನೀನು ಹದಿನಾರಾಣೆ ಬರಿಯಯ್ಯ, ನಾನು ನಾಲ್ಕಾಣೆ ಓದ್ಕೋತೀನಿ," ಎಂದು ನಗುತ್ತಿದ್ದರು. ಅವರಿರುವವರೆಗೆ ಬರೆಯುವವರಿಗೂ ಓದುವವರಿಗೂ ನಡುವೆ ಒಂದು ಒಪ್ಪಂದ ಇತ್ತು, ಅದು ಯಾವ ಕಾಗದದಲ್ಲೂ ಇರಲಿಲ್ಲ.

ನಮ್ಮೂರಿನಲ್ಲಿ ಒಂದು ಕಾಲಕ್ಕೆ ಐದು ಟಾಕೀಸುಗಳು. ಬೋರ್ಡಿನ ಮೇಲಿನ ಹೆಸರು ಯಾರಿಗೂ ಬೇಕಿರಲಿಲ್ಲ, ಜನ ತಾವೇ ಇಟ್ಟುಕೊಂಡಿದ್ದರು. ತಗಡು ಟಾಕೀಸು, ಎಲ್ಲಕ್ಕಿಂತ ಹಳೆಯದು. ಜೋರು ಮಳೆ ಬಂದರೆ ಮಾತು ಕೇಳುತ್ತಿರಲಿಲ್ಲ, ಮೊದಲೇ ಒಂದು ಸಲ ನೋಡಿದವರು ಎದ್ದು ನಿಂತು ಮಿಕ್ಕವರಿಗೆ ಕಥೆ ಕೂಗಿ ಹೇಳುತ್ತಿದ್ದರು. ಈಗ ಅದು ಕಾರಿನ ಗ್ಯಾರೇಜು. ತಿಗಣೆ ಟಾಕೀಸು ಕಣ್ಣಿನ ಆಸ್ಪತ್ರೆಯಾಯಿತು, ಪುಣ್ಯಕ್ಕೆ ಹೆಸರು ಬದಲಾಯಿಸಿದರು. ಕಂಬದ ಟಾಕೀಸಿನಲ್ಲಿ ನಟ್ಟನಡುವೆ ಒಂದು ಕಂಬ, ಅದರ ಹಿಂದೆ ಕುಳಿತವರು ಅರ್ಧ ಪರದೆ ನೋಡಿ ಅರ್ಧ ಜಗಳ ಆಡುತ್ತಿದ್ದರು. ಅದು ಫರ್ನಿಚರ್ ಅಂಗಡಿ ಈಗ. ಕಂಬ ಹಾಗೇ ಇದೆ, ಸುತ್ತ ಸೋಫಾ ಇಟ್ಟಿದ್ದಾರೆ. ಸೇತುವೆ ಟಾಕೀಸಿಗೆ ಒಂದು ಬೇಸಿಗೆಯಲ್ಲಿ ಬೆಂಕಿ ಬಿತ್ತು, ಜಾಗ ಇನ್ನೂ ಖಾಲಿ. ಉಳಿದದ್ದು ಹತ್ತೊಂಬತ್ತು ಮೆಟ್ಟಿಲಿನ ನಮ್ಮದೊಂದೇ.

ಇನ್ನು ನನ್ನ ತಮ್ಮ. ಅವನ ವಿಷಯ ಹೇಳದೆ ಕಥೆ ಮುಂದೆ ಹೋಗುವುದಿಲ್ಲ, ಹೇಳಲು ಹೊಟ್ಟೆ ಉರಿಯುತ್ತದೆ. ಅಮ್ಮ ತೀರಿಕೊಂಡಾಗ ಅವನಿಗೆ ಹತ್ತು ವರ್ಷ, ಅಪ್ಪ ಮೊದಲೇ ಇರಲಿಲ್ಲ. ನನ್ನ ಮದುವೆಯಾಗಿ ಆಗ ಎರಡು ವರ್ಷವೂ ಆಗಿರಲಿಲ್ಲ. ಅವನನ್ನು ಕರೆದುಕೊಂಡು ಬಂದು ಬಾಗಿಲಲ್ಲಿ ನಿಂತೆ. ನಮ್ಮವರು ಒಂದು ಪ್ರಶ್ನೆ ಕೇಳಲಿಲ್ಲ. "ಒಳಗೆ ಬಾರೋ, ಕಾಲು ತೊಳ್ಕೋ," ಅಂದರು, ಅಷ್ಟೇ. ಓದು ಅವನ ತಲೆಗೆ ಹತ್ತಲಿಲ್ಲ. ಇಪ್ಪತ್ತೆರಡಕ್ಕೆ ಇವರೇ ಸಾಹುಕಾರರ ಕೈಕಾಲು ಹಿಡಿದು ಬಾಲ್ಕನಿ ಗೇಟಿಗೆ ಸೇರಿಸಿದರು. ಕತ್ತಲಲ್ಲಿ ಜನರಿಗೆ ಸೀಟು ತೋರಿಸುವ ಕೆಲಸ, ಕೈಯಲ್ಲಿ ಸದಾ ಟಾರ್ಚು. ಹಾಗಾಗಿ ಹೆಸರೂ ಟಾರ್ಚು ಎಂದೇ ಆಯಿತು. ಟಾರ್ಚು ಗೇಟಿನಿಂದ ಬುಕಿಂಗಿಗೆ ಹೋದ, ಬುಕಿಂಗಿನಿಂದ ಮ್ಯಾನೇಜರನಾದ. "ಭಾವ ಅಂದ್ರೆ ನಂಗೆ ಅಪ್ಪ ಇದ್ದ ಹಾಗೆ," ಎಂದು ಹತ್ತು ಜನರ ಎದುರು ಹೇಳುತ್ತಿದ್ದ. ನಾನು ಹಿಗ್ಗುತ್ತಿದ್ದೆ, ಪೆದ್ದಿ.

ರೀಲು ಹೋಗಿ ಕಂಪ್ಯೂಟರ್ ಡಬ್ಬಿ ಬಂದು ಹತ್ತು ವರ್ಷವಾಯಿತು. ನಮ್ಮವರು ಗುಂಡಿ ಒತ್ತುವುದನ್ನೂ ಕಲಿತರು, ಆದರೆ ಹಳೆಯ ಮೆಷಿನ್ನುಗಳಿಗೆ ಎಣ್ಣೆ ಬಿಡುವುದನ್ನು ಬಿಡಲಿಲ್ಲ. ನಾಲ್ಕೈದು ವರ್ಷದ ಹಿಂದೆ ಆಟವೇ ನಿಂತಿತು. ದೊಡ್ಡ ಸಾಹುಕಾರರು ಅಷ್ಟರಲ್ಲಿ ತೀರಿಕೊಂಡಿದ್ದರು. ಮಗ ಚಿಕ್ಕ ಸಾಹುಕಾರರಿಗೆ ಟಾಕೀಸು ಕೆಡವಿ ಐದಂತಸ್ತಿನ ಅಂಗಡಿ ಕಟ್ಟಡ ಎಬ್ಬಿಸುವ ಆಸೆ.

ಅದಕ್ಕೆ ಅಡ್ಡ ಬಂದವರು ಚರಿತ್ರೆ ಮೇಡಂ. ಕಾಲೇಜಿನಲ್ಲಿ ಪಾಠ ಹೇಳುವವರು, ಊರಿನ ಹಳೆಯ ಟಾಕೀಸುಗಳ ಚರಿತ್ರೆ ಬರೆಯುತ್ತಿದ್ದರು. ಹಳೆಯ ಕಟ್ಟಡಗಳನ್ನು ಉಳಿಸಲು ಊರಿನ ಆಡಳಿತದವರು ಒಂದು ಸಮಿತಿ ಮಾಡಿದ್ದರು. ಅದರ ಪಟ್ಟಿಗೆ ಸೇರಿದ ಕಟ್ಟಡವನ್ನು ಯಾರೂ ಕೆಡವುವ ಹಾಗಿಲ್ಲ. ಮೆಟ್ಟಿಲು ಟಾಕೀಸನ್ನು ಸೇರಿಸಿ ಎಂದು ಮೇಡಂ ಅರ್ಜಿ ಹಾಕಿದರು. ಸೇರಿದರೆ ಅಲ್ಲೊಂದು ಸಿನಿಮಾ ಸಂಗ್ರಹಾಲಯ, ಭಾನುವಾರ ಭಾನುವಾರ ಹಳೆಯ ಮೆಷಿನ್ನಿನಲ್ಲೇ ಒಂದು ಆಟ. "ಆ ಮೆಷಿನ್ ಓಡ್ಸೋಕೆ ಬರೋರು ಈ ಊರಲ್ಲಿ ನೀವೊಬ್ರೇ ಉಳಿದಿರೋದು, ಬರ್ತೀರಾ?" ಎಂದು ಮೇಡಂ ಕೇಳಿದರು. ನಮ್ಮವರು ತಲೆಯಾಡಿಸಿದರು. ಅವತ್ತು ಸಂಜೆ ನೋಡುತ್ತೇನೆ, ಮೂರು ಷರ್ಟುಗಳನ್ನು ಸಾಲಾಗಿ ಇಸ್ತ್ರಿ ಮಾಡುತ್ತಿದ್ದಾರೆ. ಕೆಲಸ ನಿಂತ ಮೇಲೆ ಆ ಮನುಷ್ಯ ಇಸ್ತ್ರಿ ಪೆಟ್ಟಿಗೆ ಮುಟ್ಟಿದ್ದು ಅದೇ ಮೊದಲು.

ವಿಚಾರಣೆಗೆ ಹದಿನೈದು ದಿನ ಇದೆ ಎನ್ನುವಾಗ ಒಂದು ಮಧ್ಯಾಹ್ನ ಟಾರ್ಚು ಮನೆಗೆ ಬಂದ. ಆಟ ನಿಂತರೂ ಅವನು ಸಾಹುಕಾರರ ಮ್ಯಾನೇಜರನಾಗಿಯೇ ಉಳಿದಿದ್ದ.

"ಭಾವ, ಆ ಮೇಡಂ ನಿಮ್ಮ ರಿಜಿಸ್ಟರ್‌ಗಳನ್ನ ಕೇಳ್ತಿದಾರೆ. ಪುಸ್ತಕದಲ್ಲಿ ಹಾಕ್ತಾರಂತೆ, ನಿಮ್ಮ ಫೋಟೋ ಸಮೇತ. ನಾನೇ ತಲುಪಿಸ್ತೀನಿ ಕೊಡಿ."

ಹದಿನಾಲ್ಕು ರಿಜಿಸ್ಟರುಗಳು ನಮ್ಮ ಮಂಚದ ಕೆಳಗೆ ಟ್ರಂಕಿನಲ್ಲಿದ್ದವು. ಆಫೀಸಿನವರು ರದ್ದಿಗೆ ಹಾಕಲು ಹೊರಟಾಗ ಇವರು ಹೊತ್ತು ತಂದಿದ್ದರು.

"ಅದನ್ನ ಓದಿದ್ರೆ ಜನ ಬಿದ್ದು ಬಿದ್ದು ನಗ್ತಾರೆ ಕಣೋ," ಅಂದೆ ನಾನು.

"ನಗ್ಲಿ ಬಿಡಕ್ಕ. ಚರಿತ್ರೆ ಅಂದ್ರೆ ಒಣ ಒಣ ಇರ್ಬೇಕಾ?"

ನಮ್ಮವರು ಒಂದೊಂದನ್ನೂ ಒರೆಸಿ ವರ್ಷದ ಪ್ರಕಾರ ಜೋಡಿಸಿದರು. ನಾನು ಹಸಿರು ದಾರ ಹಾಕಿ ಎರಡು ಕಟ್ಟು ಕಟ್ಟಿದೆ. ಟಾರ್ಚು ಟೀ ಕುಡಿದ, ಇನ್ನೊಂದು ಲೋಟ ಕೇಳಿ ಹಾಕಿಸಿಕೊಂಡ, ಕಟ್ಟುಗಳನ್ನು ಎತ್ತಿಕೊಂಡು ಹೋದ. ಮೆಟ್ಟಿಲಿಳಿಯುವಾಗ ಇವರು ಹಿಂದಿನಿಂದ, "ಹುಷಾರು, ಭಾರ ಇದೆ," ಎಂದರು.

ವಿಚಾರಣೆ ಬೆಳಿಗ್ಗೆ ಹನ್ನೊಂದಕ್ಕೆ. ಉದ್ದ ಮೇಜು, ಅದರ ಆಚೆ ಐದು ಜನ ಸಮಿತಿಯವರು, ಈಚೆ ಪ್ಲಾಸ್ಟಿಕ್ ಕುರ್ಚಿಗಳಲ್ಲಿ ನಾವು. ಅಧ್ಯಕ್ಷರು ಒಬ್ಬ ನಿವೃತ್ತ ಎಂಜಿನಿಯರು. ನಾನೇ ಹೋಗಿ ಟಾಕೀಸು ನೋಡಿ ಬಂದಿದ್ದೇನೆ, ಗೋಡೆ ಎರಡಡಿ ದಪ್ಪ ಇದೆ, ಮೇಲ್ನೋಟಕ್ಕೆ ಗಟ್ಟಿಯಾಗಿಯೇ ಕಾಣುತ್ತದೆ ಎಂದು ಅವರೇ ಶುರು ಮಾಡಿದರು. ಮೇಡಂ ಅರ್ಧ ಗಂಟೆ ಚೆನ್ನಾಗಿ ಮಾತನಾಡಿದರು. ನಮ್ಮವರು ನನ್ನ ಕೈಯನ್ನು ಮೆಲ್ಲಗೆ ಒತ್ತಿದರು. ಗೆದ್ದೆವು ಎಂದುಕೊಂಡೆ.

ಆಮೇಲೆ ಚಿಕ್ಕ ಸಾಹುಕಾರರ ವಕೀಲರು ಎದ್ದು ನಿಂತರು. ಟಾರ್ಚು ಅವರ ಪಕ್ಕದಲ್ಲಿದ್ದ. ಬಗ್ಗಿ ಚೀಲದಿಂದ ಒಂದು ಕಟ್ಟು ತೆಗೆದು ಮೇಜಿನ ಮೇಲಿಟ್ಟ. ಹಸಿರು ದಾರ, ನಾನು ಹಾಕಿದ ಗಂಟು.

ಮೇಡಂ ನನ್ನ ಕಡೆ ಬಾಗಿ, "ಏನದು?" ಅಂದರು.

"ರಿಜಿಸ್ಟರು. ನೀವು ಕೇಳಿದ್ರಂತಲ್ಲ, ಅದಕ್ಕೇ ಕೊಟ್ಟು ಕಳಿಸಿದ್ವಿ."

"ನಾನಾ? ಇಂಥದ್ದೊಂದು ಇದೆ ಅಂತಾನೇ ನಂಗೆ ಗೊತ್ತಿಲ್ಲಮ್ಮ."

ವಕೀಲರು ಓದತೊಡಗಿದರು. ಬೂತಿನ ನೆಲ ನಡುಗುತ್ತಿದೆ. ಛಾವಣಿ ಪೂರ್ತಿ ಕೊಳೆತಿದೆ. ಬೆಂಕಿ ಬಿದ್ದು ನಾನೂರು ಜನ ಸಾಯುವ ಮುಂಚೆ. ದೇವರಾಣೆ ಹೇಳುತ್ತೇನೆ, ನನ್ನ ಗಂಡ ಮೊದಲು ನಕ್ಕರು. ತಮ್ಮ ಬರಹವನ್ನು ಒಬ್ಬ ವಕೀಲರು ಎದ್ದು ನಿಂತು ಓದುತ್ತಿದ್ದಾರೆಂದು ಅವರ ಮುಖ ಅರಳಿತ್ತು, ಎಲ್ಲರೂ ನಗಲಿ ಎಂದು ಕಾಯುತ್ತಿದ್ದರು. ಯಾರೂ ನಗಲಿಲ್ಲ. ಸಮಿತಿಯ ಒಬ್ಬ ಹೆಂಗಸು ಗಂಭೀರವಾಗಿ ಬರೆದುಕೊಳ್ಳುತ್ತಿದ್ದಳು. ನಾಲ್ಕನೆಯ ಪುಟದ ಹೊತ್ತಿಗೆ ಇವರ ನಗು ಮುಖದ ಮೇಲೆಯೇ ಒಣಗಿತು.

"ಇದು ನಿಮ್ಮ ಅಕ್ಷರವೇನ್ರಿ?" ಅಧ್ಯಕ್ಷರು ಕೇಳಿದರು.

"ಹೌದು ಸಾರ್. ಆದ್ರೆ ಅದು ಹಾಗಲ್ಲ. ರಿಜಿಸ್ಟರಲ್ಲಿ ಹಾಗೇ ಬರೀಬೇಕು ಸಾರ್."

"ಹಾಗೇ ಅಂದ್ರೆ?"

"ಅಂದ್ರೆ... ಜಾಸ್ತಿ ಮಾಡಿ."

"ಮೂವತ್ತೆಂಟು ವರ್ಷ ಸುಳ್ಳು ಬರೆದ್ರಾ?"

"ಸುಳ್ಳಲ್ಲ ಸಾರ್. ಪದ್ಧತಿ."

ಈಗ ಒಬ್ಬಿಬ್ಬರು ನಕ್ಕರು. ಬೇಕಾದಾಗ ನಗದೆ ಬೇಡದಾಗ ನಕ್ಕರು, ಪಾಪಿಗಳು.

ವಕೀಲರು ಇನ್ನೊಂದು ರಿಜಿಸ್ಟರು ತೆರೆದರು. ಅದರಲ್ಲಿ ಗುರುತಿಗೆ ಚೀಟಿ ಇಟ್ಟಿತ್ತು. "ಇಪ್ಪತ್ತೈದು ವರ್ಷದ ಹಿಂದಿನದು. ಇದನ್ನ ಸಮಿತಿಯವರು ದಯವಿಟ್ಟು ಗಮನವಿಟ್ಟು ಕೇಳ್ಬೇಕು," ಎಂದು ಓದಿದರು. "ಬಾಲ್ಕನಿಯ ಕಬ್ಬಿಣದ ಕಂಬಿ ತಾನಾಗಿಯೇ ಕಿತ್ತು ಕೆಳಗೆ ಬಿದ್ದಿದೆ. ಗೋಡೆ ಒಳಗಿಂದ ಪುಡಿ ಪುಡಿಯಾಗಿದೆ. ಬಾಲ್ಕನಿ ಯಾವ ಕ್ಷಣದಲ್ಲಾದರೂ ಜನರ ತಲೆಯ ಮೇಲೆ ಕುಸಿಯಬಹುದು."

ಅಷ್ಟು ಓದಿ ಮುಚ್ಚಿದರು.

ಆ ಸಾಲುಗಳು ನನಗೆ ಗೊತ್ತು. ಬರೆಸಿದವಳೇ ನಾನು. ಟಾರ್ಚು ಗೇಟಿಗೆ ಸೇರಿ ಮೂರು ತಿಂಗಳಾಗಿತ್ತು. ಯಾವುದೋ ಹುಡುಗಿಯರ ಗುಂಪಿನ ಮುಂದೆ ಧಿಮಾಕು ಮಾಡಲು ಬಾಲ್ಕನಿಯ ಕಂಬಿಯ ಮೇಲೆ ಹತ್ತಿ ಕುಳಿತು ಜೋಕಾಲಿ ಆಡಿದ್ದ. ಒಂದು ಕಡೆಯ ಬೋಲ್ಟು ಕಿತ್ತು ಕಂಬಿ ಕೆಳಗಿನ ಖಾಲಿ ಸಾಲಿನ ಮೇಲೆ ಬಿತ್ತು. ಇವನು ಕುರ್ಚಿ ಹಿಡಿದು ಬಚಾವಾದ. ಸಾಹುಕಾರರಿಗೆ ಗೊತ್ತಾದರೆ ಕೆಲಸ ಹೋಗುತ್ತಿತ್ತು, ಬೇರೆ ಯಾರೂ ಇವನನ್ನು ಸೇರಿಸಿಕೊಳ್ಳುತ್ತಿರಲಿಲ್ಲ. ಬೂತಿಗೆ ಓಡಿ ಹೋಗಿ, "ರೀ, ಏನಾದ್ರೂ ಮಾಡಿ, ತಾಯಿಲ್ಲದ ಮಗು," ಎಂದು ಅತ್ತಿದ್ದೆ. ಇವರು ಸುಮ್ಮನೆ ಪೆನ್ನು ತೆಗೆದಿದ್ದರು.

ನಾನು ಎದ್ದು ನಿಂತೆ.

"ಮುಂದಿನ ಸಾಲು ಓದಿ," ಅಂದೆ.

"ನೀವ್ಯಾರಮ್ಮ?"

"ಬರೆದವರ ಹೆಂಡ್ತಿ. ಅಲ್ಲಿ ಇನ್ನೊಂದು ಸಾಲಿದೆ. ಓದಿ."

ಅಧ್ಯಕ್ಷರು ರಿಜಿಸ್ಟರನ್ನು ತಾವೇ ತೆಗೆದುಕೊಂಡು ಓದಿದರು. "ಇದರಲ್ಲಿ ಗೇಟಿನವನ ತಪ್ಪೇನೂ ಇಲ್ಲ."

"ಆ ಗೇಟಿನವನು ಇವನೇ ಸ್ವಾಮಿ," ಎಂದು ನಾನು ಟಾರ್ಚುವಿನ ಕಡೆ ಕೈ ತೋರಿಸಿದೆ. "ನನ್ನ ಒಡಹುಟ್ಟಿದ ತಮ್ಮ. ಕಂಬಿ ಮುರಿದವನು ಇವನು. ಇವನ ಕೆಲಸ ಉಳೀಲಿ ಅಂತ ನಮ್ಮವರು ಗೋಡೆ ಮೇಲೆ ತಪ್ಪು ಹಾಕಿದ್ರು. ಬಾಲ್ಕನಿಗೆ ಅವತ್ತೂ ಏನೂ ಆಗಿರ್ಲಿಲ್ಲ, ಇವತ್ತೂ ಏನೂ ಆಗಿಲ್ಲ. ಕೇಳಿ ಅವನನ್ನೇ."

ಟಾರ್ಚು ನನ್ನನ್ನು ನೋಡಲಿಲ್ಲ. ಅಧ್ಯಕ್ಷರನ್ನು ನೋಡಿ, ತುಂಬ ಮರ್ಯಾದೆಯಿಂದ, ಒಂದಿಷ್ಟು ನೊಂದವನ ಧ್ವನಿಯಲ್ಲಿ ಹೇಳಿದ.

"ಗೇಟಲ್ಲಿ ಇದ್ದದ್ದು ನಾನೇ ಸಾರ್. ಕಂಬಿ ತಾನಾಗೇ ಬಿತ್ತು, ಭಾವ ಬರೆದಿರೋದು ಸರಿ ಇದೆ. ಅಕ್ಕಂಗೆ ವಯಸ್ಸಾಯ್ತು ಸಾರ್. ಮರೆವು. ಒಂದಕ್ಕೊಂದು ಸೇರಿಸಿ ಏನೇನೋ ಹೇಳ್ತಾಳೆ. ಬೇಜಾರು ಮಾಡ್ಕೋಬೇಡಿ."

ನಾನು ಆ ಕುರ್ಚಿಯಲ್ಲಿ ಹೇಗೆ ಕುಳಿತೆನೋ ಗೊತ್ತಿಲ್ಲ. ಸಮಿತಿಯ ಹೆಂಗಸು ನನ್ನ ಕಡೆ ನೋಡಿದ ನೋಟ ಗೊತ್ತು. ಅಯ್ಯೋ ಪಾಪ ಎನ್ನುವ ನೋಟ. ಬೈದಿದ್ದರೂ ತಡೆಯುತ್ತಿದ್ದೆ. ನಮ್ಮವರ ಕಡೆ ತಿರುಗಿದೆ. ನೀವಾದರೂ ಹೇಳಿ ಎಂದು ಕಣ್ಣಲ್ಲೇ ಬೇಡಿದೆ. ಅವರು ಬಾಯಿ ತೆರೆದರು. ಅಧ್ಯಕ್ಷರು, "ನೀವೇ ಹೇಳಿದ್ರಲ್ಲ, ಜಾಸ್ತಿ ಮಾಡಿ ಹೇಳೋದು ನಿಮ್ಮ ಪದ್ಧತಿ ಅಂತ. ಈಗ ಹೇಳೋದನ್ನ ನಾವು ಹೇಗೆ ನಂಬೋದು?" ಎಂದರು. ನಮ್ಮವರು ತೆರೆದ ಬಾಯಿ ಮುಚ್ಚಿದರು.

ಹೊರಗೆ ವರಾಂಡದಲ್ಲಿ ಟಾರ್ಚು ಹಿಂದಿನಿಂದ ಓಡಿ ಬಂದ. "ಅಕ್ಕ, ನಾನೇನು ಇಲ್ಲದ್ದನ್ನ ಸೃಷ್ಟಿ ಮಾಡಿದ್ನಾ? ಭಾವ ಬರೆದದ್ದನ್ನೇ ತಾನೇ ಓದಿದ್ದು? ಹೊಸ ಕಟ್ಟಡದಲ್ಲಿ ನಂಗೆ ಮ್ಯಾನೇಜರ್ ಕೆಲಸ ಕೊಡ್ತೀನಿ ಅಂದಿದಾರೆ. ನಂಗೂ ಹೆಂಡ್ತಿ ಮಕ್ಳು ಇಲ್ವಾ?"

ಉಂಡ ಮನೆಯ ಜಂತೆ ಎಣಿಸುವವರ ವಿಷಯ ಗಾದೆಯಲ್ಲಿ ಕೇಳಿದ್ದೆ. ನನ್ನ ತಮ್ಮ ಎಣಿಸಿದ್ದಲ್ಲ, ಜಂತೆ ಕಿತ್ತು ಅದರಲ್ಲೇ ನಮಗೆ ಹೊಡೆದ. ಹಾಗೆಂದು ಅವನ ಮುಖಕ್ಕೆ ಹೇಳಬೇಕು ಎನ್ನುವಷ್ಟರಲ್ಲಿ ನಮ್ಮವರು ಕೇಳಿದರು: "ಆ ರಿಜಿಸ್ಟರ್‌ಗಳು ವಾಪಸ್ ಸಿಗ್ತಾವೇನೋ?"

"ಇಲ್ಲ ಭಾವ. ಅವು ಈಗ ದಾಖಲೆ."

ಮೂರು ವಾರಕ್ಕೆ ಆದೇಶ ಬಂತು. ಜನರ ಜೀವದ ಪ್ರಶ್ನೆ, ಕಟ್ಟಡ ದುರ್ಬಲವೆಂದು ಅದರ ಆಪರೇಟರೇ ದಶಕಗಳಿಂದ ದಾಖಲಿಸಿದ್ದಾರೆ, ಆದ್ದರಿಂದ ಪಟ್ಟಿಗೆ ಸೇರಿಸಲಾಗದು. ಕೆಡವಲು ಬಂದವರಿಗೆ ಆ ಬಾಲ್ಕನಿಯೊಂದನ್ನೇ ಇಳಿಸಲು ಒಂಬತ್ತು ದಿನ ಬೇಕಾಯಿತು. ಎರಡು ಯಂತ್ರದ ಹಲ್ಲು ಮುರಿದವಂತೆ. ಈ ಸುದ್ದಿಯನ್ನು ಹಾಲಿನವನು ಬಂದು ಹೇಳಿದಾಗ ನಮ್ಮವರು, "ಹೌದಾ," ಎಂದರು, ಅಷ್ಟೇ.

ಅವರಿಗೆ ಏಟು ಬಿದ್ದದ್ದು ಬೇರೆ ಕಡೆ. ನೇರ ಮಾತಿನ ಮನುಷ್ಯ, ಈಗ ಉಪ್ಪು ಸರಿಯಿದೆಯೇ ಎಂದು ಕೇಳಿದರೂ, "ನೀನೇ ನೋಡ್ಕೋ, ನಾನು ಹೇಳಿದ್ದನ್ನ ಯಾರು ನಂಬ್ತಾರೆ," ಅನ್ನುತ್ತಾರೆ. ಮೇಡಂ ಎರಡು ಸಲ ಬಂದರು, ಹಳೆಯದೆಲ್ಲ ಹೇಳಿ, ಬರೆದುಕೊಳ್ಳುತ್ತೇನೆ ಎಂದರು. "ಬೇರೆಯವ್ರನ್ನ ಕೇಳಿ ಮೇಡಂ," ಎಂದು ಇವರು ಒಳಗೆ ಎದ್ದು ಹೋದರು. ಪುಸ್ತಕ ಬಂದಾಗ ನೋಡಿದೆ. ಕಂಬದ ಟಾಕೀಸಿಗೆ ಒಂಬತ್ತು ಪುಟ, ತಿಗಣೆ ಟಾಕೀಸಿಗೂ ಆರು. ನಮ್ಮದಕ್ಕೆ ಒಂದೂವರೆ. ಒಂದು ದಿನ ಮಾತ್ರ ಇವರು ಗೋಡೆ ಕಡೆ ಮುಖ ಮಾಡಿ ಮಲಗಿದ್ದವರು ಹೇಳಿದರು: "ಎಲ್ಲಕ್ಕಿಂತ ಚೆನ್ನಾಗಿ ಬರೆದಿದ್ದು ಅದೊಂದೇ ಸಾಲು ಕಣೇ. ನಿನ್ನ ತಮ್ಮನ್ನ ಉಳಿಸೋಕೆ ಬರೆದದ್ದು. ಅದಕ್ಕೇ ಎಲ್ಲರೂ ನಂಬಿದ್ರು."

ಹೊಸ ಕಟ್ಟಡ ಎದ್ದು ಮೊನ್ನೆ ಮೊನ್ನೆ ಅದರ ಬಾಗಿಲು ತೆರೆಯುವ ದಿನ ನಿಶ್ಚಯವಾಯಿತು. ಒಂದು ಬೆಳಿಗ್ಗೆ ಹತ್ತರ ಹೊತ್ತಿಗೆ ಯಾರೋ ಬಾಗಿಲು ತಟ್ಟಿದರು. ತೆರೆದೆ. ಟಾರ್ಚು. ಇಸ್ತ್ರಿ ಮಾಡಿದ ಕೋಟು, ಎದೆಯ ಮೇಲೆ ಹೆಸರಿನ ಪಟ್ಟಿ, ಕೈಯಲ್ಲಿ ದಪ್ಪ ಕಾಗದದ ಆಮಂತ್ರಣ. ಕೂದಲು ಬೆಳ್ಳಗಾಗಿತ್ತು, ನಗು ಹಾಗೇ ಇತ್ತು.

"ಅಕ್ಕಾ," ಅಂದ.

"ಯಾರು ಬೇಕಿತ್ತು?" ಅಂದೆ.

"ಅಕ್ಕ, ನಾನು."

"ನಾನು ಅಂದ್ರೆ ಯಾರಪ್ಪಾ ನೀವು? ತಪ್ಪು ತಿಳ್ಕೋಬೇಡಿ. ನಂಗೆ ವಯಸ್ಸಾಯ್ತು. ಮರೆವು."

ಹುಟ್ಟಿದಾಗಿನಿಂದ ಅವನನ್ನು ಲೋ ಎಂದೇ ಕರೆದವಳು ನಾನು. ಆ 'ನೀವು' ನನ್ನ ಬಾಯಿಂದ ಬಂದದ್ದು ಅದೇ ಮೊದಲು. ಅವನ ಮುಖದ ನಗು ಇಳಿಯಿತು. ನಾನು ಬಾಗಿಲು ಮುಚ್ಚಿ ಚಿಲಕ ಹಾಕಿದೆ.

"ಯಾರೇ ಅದು?" ಒಳಗಿಂದ ನಮ್ಮವರು ಕೇಳಿದರು.

"ಯಾರೋ ಮನೆ ತಪ್ಪಿ ಬಂದಿದ್ರು."

"ಪಾಪ. ಸರಿಯಾದ ಮನೆ ಯಾವ್ದು ಅಂತ ಹೇಳಿ ಕಳಿಸ್ಬೇಕಿತ್ತು."

ಅಮ್ಮ ಹೋದ ಮೇಲೆ ತವರು ಎಂದು ನನಗಿದ್ದವನು ಅವನೊಬ್ಬನೇ. ಅವನು ಇನ್ನೂ ಬಾಗಿಲ ಆಚೆಯೇ ನಿಂತಿದ್ದ, ಉಸಿರು ಕೇಳಿಸುತ್ತಿತ್ತು. ಅವನು ಇಳಿದು ಹೋಗುವವರೆಗೆ ನಾನು ಈಚೆ ಕಡೆ ಚಿಲಕ ಹಿಡಿದುಕೊಂಡೇ ನಿಂತಿದ್ದೆ.